ಚೀನೀ ಲಿಪಿಯ ‘ಛಾ’ ಅಕ್ಷರ: ಹುಲ್ಲಿಗೂ ಮರಕ್ಕೂ ನಡುವೆ ನಿಂತಿರುವುದು ಮನುಷ್ಯನೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ನೇಹಿತರೊಬ್ಬರು ಚೀನಾದಿಂದ ಬರುವಾಗ ಒಂದು ಡಬ್ಬಿ ಚಹಾ ತಂದುಕೊಟ್ಟರು. ಡಬ್ಬಿಯ ಮೇಲೆ ಬೇರೆ ಯಾವ ಚಿತ್ರವೂ ಇಲ್ಲ, ಕುಂಚದಿಂದ ಬರೆದ ಒಂದೇ ಒಂದು ದೊಡ್ಡ ಅಕ್ಷರವಿದೆ. ಅದು ಚಹಾ ಎಂಬ ಅರ್ಥದ ‘ಛಾ’ ಅಕ್ಷರವೆಂದೂ, ಮೇಲಿನ ಭಾಗ ಹುಲ್ಲು, ಕೆಳಗಿನ ಭಾಗ ಮರ, ನಡುವೆ ಮಾಡಿನಂತೆ ಇಳಿದಿರುವ ಎರಡು ಓರೆಗೆರೆಗಳು ಮನುಷ್ಯ ಎಂದೂ, ಆದ್ದರಿಂದ ‘ಹುಲ್ಲು ಮತ್ತು ಮರಗಳ ನಡುವೆ ನೆಮ್ಮದಿಯಾಗಿರುವ ಮನುಷ್ಯ’ ಎಂಬುದೇ ಅದರ ಮೂಲಾರ್ಥವೆಂದೂ ಅವರು ವಿವರಿಸಿದರು. ಕೇಳಲು ಬಹಳ ಹಿತವಾಗಿತ್ತು. ಆದರೆ ಇಷ್ಟು ಅಚ್ಚುಕಟ್ಟಾದ ವಿವರಣೆಯನ್ನು ಕಂಡಾಗ ಸ್ವಲ್ಪ ಅನುಮಾನವೂ ಬರುತ್ತದೆ. ಈ ಅಕ್ಷರ ನಿಜವಾಗಿ ಹುಟ್ಟಿದ್ದು ಹೀಗೆಯೇ? ನಮ್ಮ ‘ಚಹಾ’ ಎಂಬ ಮಾತು ಇದರಿಂದಲೇ ಬಂದದ್ದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಅಕ್ಕರದಾರಿ

ತುಂಗಾತೀರ ಅವರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ವಿವರಣೆ ಚೀನಾದಲ್ಲಿಯೂ ಮನೆಮಾತಾಗಿದೆ, ಚಹಾ ಅಂಗಡಿಗಳ ಗೋಡೆಗಳ ಮೇಲೂ ಕಾಣಿಸುತ್ತದೆ. ಆದರೆ ಅದು ಅಕ್ಷರ ಈಗಿನ ರೂಪಕ್ಕೆ ಬಂದ ಬಳಿಕ ಅದನ್ನು ನೋಡಿ ಕಟ್ಟಿದ ಅರ್ಥವೇ ಹೊರತು ಅಕ್ಷರ ಹುಟ್ಟಿದ ಬಗೆಯಲ್ಲ. ನಡುವಿನ ಆ ಎರಡು ಓರೆಗೆರೆಗಳನ್ನು ಬರೆದವರು ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ.

‘ಛಾ’ ಅಕ್ಷರಕ್ಕಿಂತ ಬಹಳ ಹಳೆಯದಾದ, ಅದಕ್ಕಿಂತ ಒಂದೇ ಒಂದು ಅಡ್ಡಗೆರೆ ಹೆಚ್ಚಾಗಿರುವ ಇನ್ನೊಂದು ಅಕ್ಷರವಿದೆ. ಅದನ್ನು ಇಂದಿನ ಮ್ಯಾಂಡರಿನ್‌ನಲ್ಲಿ ‘ಥು’ ಎಂದು ಓದುತ್ತಾರೆ. ಚೀನೀ ಅಕ್ಷರಗಳಲ್ಲಿ ಬಹುಪಾಲು ಎರಡು ತುಂಡುಗಳಿಂದ ಆದವು: ಒಂದು ತುಂಡು ಅರ್ಥದ ಜಾತಿಯನ್ನು ತೋರಿಸಿದರೆ ಇನ್ನೊಂದು ಉಚ್ಚಾರವನ್ನು ಸೂಚಿಸುತ್ತದೆ. ಥು ಅಕ್ಷರದಲ್ಲಿ ಮೇಲಿರುವ ಹುಲ್ಲಿನ ಗುರುತು ‘ಇದೊಂದು ಸಸ್ಯ’ ಎನ್ನುತ್ತದೆ. ಅದರ ಕೆಳಗಿರುವುದೆಲ್ಲವೂ ಸೇರಿ ಒಂದೇ ಅಕ್ಷರ. ಇಂದು ಅದನ್ನು ‘ಯು’ ಎಂದು ಓದುತ್ತಾರೆ, ಹಳೆಯ ಚೀನೀಯಲ್ಲಿ ಅದಕ್ಕೆ ‘ನಾನು’ ಎಂಬ ಅರ್ಥವಿತ್ತು. ಇಲ್ಲಿ ಅದನ್ನು ತಂದು ಕೂರಿಸಿದ್ದು ಉಚ್ಚಾರಕ್ಕಾಗಿ ಮಾತ್ರ. ಆ ಯು ಅಕ್ಷರದಿಂದ ಒಂದು ಅಡ್ಡಗೆರೆ ಬಿದ್ದುಹೋದಾಗ ಉಳಿದದ್ದು ಕಣ್ಣಿಗೆ ಮನುಷ್ಯ ಮತ್ತು ಮರದ ಹಾಗೆ ಕಾಣಿಸಿತು. ಹಾಗೆ ಕಂಡದ್ದೇ ಕಥೆಗೆ ಬೀಜವಾಯಿತು.

ಥು ಎಂಬ ಮಾತು ಮೊದಲು ಸೂಚಿಸುತ್ತಿದ್ದುದು ಚಹಾವನ್ನಲ್ಲ, ಒಂದು ಕಹಿ ಸೊಪ್ಪನ್ನು. ಚೀನಾದ ಅತ್ಯಂತ ಹಳೆಯ ಕವನಸಂಗ್ರಹವಾದ ‘ಷಿ ಚಿಂಗ್’ನ ಒಂದು ಹಾಡಿನಲ್ಲಿ, ಹೊಸ ಹೆಂಡತಿಯನ್ನು ತಂದ ಗಂಡನಿಂದ ಹೊರದೂಡಿಸಿಕೊಂಡ ಹೆಂಗಸು ‘ಥು ಕಹಿಯೆಂದವರು ಯಾರು? ಅದು ಜೀ ಸೊಪ್ಪಿನಷ್ಟು ಸಿಹಿ’ ಎನ್ನುತ್ತಾಳೆ. ತನ್ನ ಸಂಕಟದ ಮುಂದೆ ಆ ಕಹಿ ಏನೇನೂ ಅಲ್ಲ ಎಂಬುದು ಅವಳ ಮಾತಿನ ಇಂಗಿತ. ಆ ಕಹಿ ಸೊಪ್ಪಿನ ಹೆಸರು ಮುಂದೆ ಕಹಿಯಾದ ಇನ್ನೊಂದು ಎಲೆಗೂ ಹಬ್ಬಿತು. ಕ್ರಿ.ಪೂ. 59ರಲ್ಲಿ ಸಿಚುವಾನ್ ಸೀಮೆಯ ವಾಂಗ್ ಬಾವೊ ಎಂಬ ಕವಿ ಒಬ್ಬ ಆಳು ಮಾಡಬೇಕಾದ ಕೆಲಸಗಳನ್ನು ಕರಾರುಪತ್ರದ ರೂಪದಲ್ಲಿ ಬರೆದಿದ್ದಾನೆ. ಅದರಲ್ಲಿ ಥು ಕುದಿಸುವುದೂ ಇದೆ, ವೂಯಾಂಗ್ ಎಂಬ ಊರಿಗೆ ಹೋಗಿ ಥು ಕೊಂಡು ತರುವುದೂ ಇದೆ. ಹಿತ್ತಲಿನಲ್ಲಿ ಬೆಳೆಯುವ ಸೊಪ್ಪನ್ನು ತರಲು ಯಾರೂ ದೂರದ ಸಂತೆಗೆ ಆಳನ್ನು ಕಳುಹಿಸುವುದಿಲ್ಲವಾದ್ದರಿಂದ ಇದು ಚಹಾವೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಕ್ರಿ.ಶ. 100ರ ಸುಮಾರಿಗೆ ಷು ಶೆನ್ ರಚಿಸಿದ ‘ಷುವೊವೆನ್’ ನಿಘಂಟಿನಲ್ಲಿ ‘ಛಾ’ ಅಕ್ಷರವಿಲ್ಲ, ‘ಥು’ ಮಾತ್ರ ಇದೆ. 986ರಲ್ಲಿ ಆ ನಿಘಂಟನ್ನು ಪರಿಷ್ಕರಿಸಿದ ಷು ಷ್ವೆನ್ ಅಲ್ಲಿಯೇ ‘ಇದೇ ಇಂದಿನ ಛಾ ಅಕ್ಷರ’ ಎಂದು ಟಿಪ್ಪಣಿ ಸೇರಿಸಿದರು. ಆ ಗೆರೆ ಬಿದ್ದುಹೋದದ್ದು ಈ ಎರಡು ಕಾಲಗಳ ನಡುವೆ ಎಲ್ಲೋ ಎಂದಾಯಿತು.

ನಿವೃತ್ತ ಮೇಷ್ಟ್ರು

ಅಕ್ಕರದಾರಿ ಅವರ ವಿವರಣೆ ಮನದಟ್ಟಾಗುವಂತಿದೆ. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಕಥೆಯೊಂದಿಗೆ ಕಲಿತ ಅಕ್ಷರ ಮರೆಯುವುದಿಲ್ಲ ಎಂಬುದು ನನ್ನ ಅನುಭವ. ಸಾವಿರಾರು ಅಕ್ಷರಗಳನ್ನು ಕಲಿಯಬೇಕಾದ ಮಗುವಿಗೆ ‘ಹುಲ್ಲು, ಮನುಷ್ಯ, ಮರ’ ಎಂಬುದು ಎಂಥ ಆಸರೆಯಾಗಬಹುದು! ಅದನ್ನು ತಪ್ಪೆಂದು ತಳ್ಳಿಹಾಕಿದರೆ ಆ ಮಗುವಿನ ಕೈಯಿಂದ ಒಂದು ಊರುಗೋಲನ್ನು ಕಿತ್ತುಕೊಂಡ ಹಾಗಾಗುವುದಿಲ್ಲವೇ? ಇನ್ನೊಂದು ಪ್ರಶ್ನೆ. ಟ್ಯಾಂಗ್ ರಾಜವಂಶದ ಕಾಲದ ಲು ಯು ಎಂಬಾತ ಚಹಾದ ಕುರಿತು ಗ್ರಂಥ ಬರೆದನೆಂದೂ, ಆ ಗೆರೆಯನ್ನು ತೆಗೆದುಹಾಕಿ ಹೊಸ ಅಕ್ಷರ ಮಾಡಿದವನು ಆತನೇ ಎಂದೂ ಓದಿದ ನೆನಪು. ಅದು ಸರಿಯೇ?

ಅಕ್ಕರದಾರಿ

ಮೇಷ್ಟ್ರೇ, ನೆನಪಿಗೆ ಆಸರೆಯಾಗಿ ಆ ಕಥೆಯನ್ನು ಹೇಳುವುದಕ್ಕೆ ನನ್ನ ವಿರೋಧ ಖಂಡಿತ ಇಲ್ಲ. ಅದನ್ನು ಚರಿತ್ರೆಯೆಂದು ಹೇಳುವುದಕ್ಕೆ ಮಾತ್ರ ವಿರೋಧ. ನಮ್ಮಲ್ಲಿಯೂ ಬೆಂಗಳೂರನ್ನು ‘ಬೆಂದಕಾಳೂರು’ ಮಾಡಿ, ಹಸಿದ ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಹೊಯ್ಸಳರ ಕಾಲಕ್ಕಿಂತ ಮೊದಲೇ, ಒಂಬತ್ತನೆಯ ಶತಮಾನದ ಕೊನೆಯ ಭಾಗದ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸುತ್ತದೆ. ಕಥೆ ಇರಲಿ, ಕಲ್ಲು ಹೇಳುವ ಮಾತೂ ಮಕ್ಕಳ ಕಿವಿಗೆ ಬೀಳಲಿ ಎಂಬುದಷ್ಟೇ ನನ್ನ ಆಸೆ.

ಲು ಯುವಿನ ವಿಷಯಕ್ಕೆ ಬರುತ್ತೇನೆ. ಆತ 733ರಿಂದ 804ರವರೆಗೆ ಬದುಕಿದ್ದವನು, ಬೌದ್ಧ ಮಠವೊಂದರಲ್ಲಿ ಬೆಳೆದವನು. ಆತನ ‘ಛಾ ಚಿಂಗ್’ ಗ್ರಂಥ ‘ಛಾ ಎಂಬುದು ದಕ್ಷಿಣದೇಶದ ಒಂದು ಉತ್ತಮ ಮರ’ ಎಂದು ಆರಂಭವಾಗುತ್ತದೆ. ಆ ಗ್ರಂಥ ಚಹಾಕ್ಕೆ ಐದು ಹೆಸರುಗಳನ್ನು ಕೊಡುತ್ತದೆ, ಜೊತೆಗೆ ಈ ಅಕ್ಷರವನ್ನು ಕೆಲವರು ಹುಲ್ಲಿನ ಗುರುತಿನಿಂದ, ಕೆಲವರು ಮರದ ಗುರುತಿನಿಂದ, ಇನ್ನು ಕೆಲವರು ಎರಡನ್ನೂ ಸೇರಿಸಿ ಬರೆಯುತ್ತಾರೆಂದೂ ಹೇಳುತ್ತದೆ. ಅಂದರೆ ಆತನ ಕಾಲದಲ್ಲಿ ಬರವಣಿಗೆ ಇನ್ನೂ ಒಂದು ನೆಲೆಗೆ ನಿಂತಿರಲಿಲ್ಲ. ಹುಲ್ಲಿನ ಗುರುತಿನ ರೂಪ ಇರುವುದು ‘ಕಾಯ್‌ಯುವಾನ್’ ಹೆಸರಿನ ಶಬ್ದಕೋಶದಲ್ಲಿ ಎಂದು ಅದೇ ಗ್ರಂಥದ ಟಿಪ್ಪಣಿ ಸೂಚಿಸುತ್ತದೆ. ಆ ಕೋಶ ಚಕ್ರವರ್ತಿಯ ಆಜ್ಞೆಯಿಂದ ಸಿದ್ಧವಾದದ್ದು 735ರಲ್ಲಿ. ಆಗ ಲು ಯುವಿಗೆ ಎರಡು ವರ್ಷ. ಆದ್ದರಿಂದ ಗೆರೆ ತೆಗೆದವನು ಆತನೆಂಬ ಮಾತು ನಿಲ್ಲುವುದಿಲ್ಲ. ಆತನ ಗ್ರಂಥದ ಜನಪ್ರಿಯತೆಯಿಂದ ಹೊಸ ರೂಪ ನೆಲೆಯೂರಿತು ಎಂದರೆ ಒಪ್ಪಬಹುದು.

ಇದಕ್ಕೆ ಕಲ್ಲಿನ ಸಾಕ್ಷಿಯನ್ನು ಹುಡುಕಿದವರು ಹದಿನೇಳನೆಯ ಶತಮಾನದ ವಿದ್ವಾಂಸರಾದ ಗು ಯೆನ್ವು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. ಅವರು ಥಾಯ್ ಪರ್ವತಕ್ಕೆ ಹೋಗಿ ಟ್ಯಾಂಗ್ ಕಾಲದ ಶಾಸನಗಳನ್ನು ಒಂದೊಂದಾಗಿ ಓದಿದರು. 779ರ ಒಂದು ಬರಹದಲ್ಲಿಯೂ 798ರ ಇನ್ನೊಂದರಲ್ಲಿಯೂ ಚಹಾವನ್ನು ಸೂಚಿಸಲು ಹಳೆಯ ಥು ಅಕ್ಷರವನ್ನೇ, ಅಂದರೆ ಆ ಅಡ್ಡಗೆರೆ ಇರುವ ರೂಪವನ್ನೇ ಕೆತ್ತಿದ್ದರು. ಆದರೆ ಪ್ರಸಿದ್ಧ ಲಿಪಿಕಾರ ಲಿಯು ಗೊಂಗ್‌ಚ್ವಾನ್ 841ರಲ್ಲಿ ಬರೆದ ಶಾಸನದಲ್ಲಿಯೂ 855ರಲ್ಲಿ ಪೇಯ್ ಷ್ಯೂ ಬರೆದ ಶಾಸನದಲ್ಲಿಯೂ ಆ ಗೆರೆ ಮಾಯವಾಗಿದೆ. ಇದನ್ನೆಲ್ಲ ಹೋಲಿಸಿ, ರೂಪ ಬದಲಾದದ್ದು ಟ್ಯಾಂಗ್ ಕಾಲದ ನಡುಭಾಗದ ನಂತರ ಎಂದು ಅವರು ತೀರ್ಮಾನಿಸಿದರು. 735ರ ಕೋಶದ ಸುದ್ದಿಯನ್ನೂ ಇದಕ್ಕೆ ಸೇರಿಸಿದರೆ, ಸುಮಾರು ನೂರು ವರ್ಷಗಳ ಕಾಲ ಎರಡೂ ರೂಪಗಳು ಜೊತೆಜೊತೆಯಾಗಿ ಓಡಾಡಿಕೊಂಡಿದ್ದವು ಎಂದು ತಿಳಿಯುವುದು ಉಚಿತ.

ಈಗ ನಮ್ಮ ದೇಶದವರು ಕಿವಿಗೊಡಬೇಕಾದ ಸಂಗತಿ. 841 ಮತ್ತು 855ರ ಆ ಎರಡು ಶಾಸನಗಳಲ್ಲಿ ಈ ಅಕ್ಷರ ಬಂದಿರುವುದು ಕುಡಿಯುವ ಚಹಾದ ಮಾತಿನಲ್ಲಿ ಅಲ್ಲ! ಎರಡೂ ಬೌದ್ಧ ಭಿಕ್ಷುಗಳ ಸ್ಮಾರಕಗಳು. ಅಲ್ಲಿರುವುದು ‘ಛಾ-ಪಿ’ ಎಂಬ ಮಾತು, ಅಂದರೆ ಶವದಹನ. ಇದು ಪಾಲಿಯ ‘ಝಾಪೇತಿ’, ಅಂದರೆ ‘ಸುಡುತ್ತಾನೆ’ ಎಂಬ ಕ್ರಿಯಾಪದದ ಬಳಗಕ್ಕೆ ಸೇರಿದ ಭಾರತೀಯ ಮಾತಿನ ಲಿಪ್ಯಂತರ. ಷಿಆನ್ ನಗರದ ಶಿಲಾಶಾಸನ ಸಂಗ್ರಹಾಲಯದಲ್ಲಿರುವ 841ರ ಶಾಸನ, ದಹನದ ಬಳಿಕ ಮುನ್ನೂರಕ್ಕೂ ಹೆಚ್ಚು ‘ಷೆಲಿ’ ಕಣಗಳು ದೊರೆತವೆಂದು ಹೇಳುತ್ತದೆ. ಆ ‘ಷೆಲಿ’ಯೂ ನಮ್ಮ ‘ಶರೀರ’ ಎಂಬ ಪದವೇ, ಬೌದ್ಧರಲ್ಲಿ ಅದಕ್ಕೆ ಅಸ್ಥಿಧಾತು ಎಂಬ ಅರ್ಥ.

ಹುಬ್ಬಳ್ಳಿಯವ

ಬಹಳ ಒಳ್ಳೆಯ ಚರ್ಚೆ ನಡೆಯುತ್ತಿದೆ. ತುಂಗಾತೀರ ಅವರ ಎರಡನೆಯ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ನಮ್ಮ ಕಡೆ ಮನೆಗೆ ಬಂದವರಿಗೆ ‘ಚಾ ಕುಡೀರಿ’ ಎನ್ನುತ್ತೇವೆ, ಬರೆಯುವಾಗ ‘ಚಹಾ’ ಎಂದು ಬರೆಯುತ್ತೇವೆ. ನೆರೆಯ ಮರಾಠಿಯಲ್ಲಿಯೂ ‘ಚಹಾ’ ಎಂದೇ ಇದೆ. ಮೈಸೂರು, ಬೆಂಗಳೂರಿನ ಕಡೆಗೆ ಹೋದರೆ ಮಾತಿನಲ್ಲಿ ‘ಟೀ’ ಹೆಚ್ಚು. ಕೇರಳದಲ್ಲಿ ಕುಡಿಯುವುದಕ್ಕೆ ‘ಚಾಯ’, ಆದರೆ ಎಲೆಗೆ ‘ತೇಯಿಲ’. ತಮಿಳಿನವರ ‘ತೇನೀರ್’ನಲ್ಲಿಯೂ ಮೊದಲು ಬರುವುದು ‘ತೇ’. ಒಂದೇ ಎಲೆಗೆ ಒಂದು ಕಡೆ ‘ಚಾ’, ಇನ್ನೊಂದು ಕಡೆ ‘ತೇ’ ಬಂದದ್ದು ಹೇಗೆ? ಚೀನಾದಲ್ಲಿ ಎರಡು ಬೇರೆ ಬೇರೆ ಅಕ್ಷರಗಳಿದ್ದವೇ?

ಧ್ವನಿಕುತೂಹಲಿ

ಅಕ್ಷರ ಒಂದೇ, ಓದುವ ಬಾಯಿಗಳು ಬೇರೆ ಬೇರೆ. ಇದೇ ಅಕ್ಷರವನ್ನು ಉತ್ತರದ ಮ್ಯಾಂಡರಿನ್‌ನವರೂ ಮಕಾವು, ಗ್ವಾಂಗ್‌ಜೌ ಕಡೆಯ ಕ್ಯಾಂಟನೀಸ್‌ನವರೂ ‘ಛಾ’ ಎಂದು ಓದುತ್ತಾರೆ. ಫುಜಿಯಾನ್ ಕರಾವಳಿಯ ಶಿಯಾಮೆನ್ ಸುತ್ತಿನ ಮಿನ್ ನುಡಿಯವರು ‘ತೆ’ ಎಂದು ಓದುತ್ತಾರೆ. ಮಕಾವಿನಲ್ಲಿ ನೆಲೆಸಿದ ಪೋರ್ಚುಗೀಸರು ‘ಷಾ’ ಎಂಬ ಉಚ್ಚಾರವನ್ನು ಒಯ್ದರು. ನೆಲದ ದಾರಿಯಿಂದ ಪಾರಸಿ, ತುರ್ಕಿ, ರಷ್ಯನ್, ಹಿಂದಿಗಳಿಗೆ ‘ಚಾಯ್’ ಬಂತು. ಫುಜಿಯಾನಿನ ವ್ಯಾಪಾರಿಗಳೊಂದಿಗೆ ವ್ಯವಹರಿಸಿದ ಡಚ್ಚರ ಮೂಲಕ ‘ತೆ’ ಯುರೋಪಿನ ಪಶ್ಚಿಮಭಾಗಕ್ಕೆ ಹೋಗಿ ಇಂಗ್ಲಿಷಿನಲ್ಲಿ ‘ಟೀ’ ಆಯಿತು. ಕನ್ನಡನಾಡಿನಲ್ಲಿ ಈ ಎರಡೂ ಬಳಗಗಳು ಒಂದೇ ಹೋಟೆಲಿನ ಮೇಜಿನ ಮೇಲೆ ಕೂಡುತ್ತವೆ.

ಆದರೆ ಒಂದೇ ಅಕ್ಷರ ‘ಛಾ’ ಮತ್ತು ‘ತೆ’ ಎಂದು ಇಷ್ಟು ದೂರವಾದದ್ದು ಏಕೆ ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ. ಇದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮ ವರ್ಣಮಾಲೆಯಲ್ಲಿ ‘ಡ’ ಇದೆ. ಟ್ಯಾಂಗ್ ಕಾಲದ ಉಚ್ಚಾರಕೋಶಗಳ ಆಧಾರದಿಂದ ವಿದ್ವಾಂಸರು ಪುನಾರಚಿಸಿರುವಂತೆ, ಆ ಕಾಲದಲ್ಲಿ ಈ ಅಕ್ಷರದ ಮೊದಲ ವ್ಯಂಜನ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿ ನುಡಿಯುವ ಮೂರ್ಧನ್ಯ ಧ್ವನಿ, ಹೆಚ್ಚುಕಡಿಮೆ ನಮ್ಮ ‘ಡ’. ಇಡೀ ಅಕ್ಷರದ ಉಚ್ಚಾರ ‘ಡಾ’ ಎಂಬುದಕ್ಕೆ ಸಮೀಪವಾಗಿತ್ತು. ಉತ್ತರದಲ್ಲಿ ಈ ಡಕಾರ ಕಾಲಕ್ರಮದಲ್ಲಿ ಛಕಾರದ ಕಡೆಗೆ ಸರಿಯಿತು. ಉಳಿದ ಚೀನೀ ನುಡಿಗಳಿಗಿಂತ ಮೊದಲೇ ಕವಲೊಡೆದ ಮಿನ್ ನುಡಿಗಳಲ್ಲಿ ಅದು ಸ್ಪರ್ಶವ್ಯಂಜನವಾಗಿಯೇ ಉಳಿದು ತಕಾರವಾಯಿತು. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲಿ ‘ಸೆವಿ’ ಆಗಿರುವುದನ್ನು ನೆನೆಯಿರಿ. ಮೂಲ ಒಂದೇ ಆಗಿದ್ದರೂ ಕನ್ನಡ ಹಳೆಯ ಕಕಾರವನ್ನು ಉಳಿಸಿಕೊಂಡಿತು, ನೆರೆಯ ಭಾಷೆಗಳಲ್ಲಿ ಅದು ಚಕಾರದ ದಾರಿ ಹಿಡಿಯಿತು. ಕನ್ನಡಕ್ಕೆ ‘ಕಿವಿ’ ಹೇಗೋ ಮಿನ್ ನುಡಿಗೆ ‘ತೆ’ ಹಾಗೆ.

ಅಕ್ಕರದಾರಿ ಅವರು ಹೇಳಿದ ‘ಯು’ ಎಂಬ ಧ್ವನಿಸೂಚಕ ಭಾಗದ ಬಳಗವನ್ನು ನೋಡಿದರೂ ಇದೇ ಕಾಣುತ್ತದೆ. ಅದೇ ಭಾಗವನ್ನು ಇಟ್ಟುಕೊಂಡಿರುವ ದಾರಿ ಎಂಬ ಅರ್ಥದ ಅಕ್ಷರ ಇಂದು ‘ಥು’, ತೆಗೆದುಹಾಕು ಎಂಬ ಅರ್ಥದ ಅಕ್ಷರ ಇಂದು ‘ಛು’. ಥಕಾರ, ಛಕಾರ ಎರಡೂ ಒಂದೇ ಬಳಗದಲ್ಲಿವೆ.

ಈ ಡಕಾರದ ಊಹೆಗೆ ನಮ್ಮ ದೇಶದ ಹೆಸರುಗಳೇ ಸಾಕ್ಷಿ ನುಡಿಯುತ್ತವೆ. ಬೌದ್ಧ ಗ್ರಂಥಗಳನ್ನು ಚೀನೀಗೆ ತಂದವರು ಸಂಸ್ಕೃತದ ‘ಡ’ ಬಂದಲ್ಲಿ ಯಾವ ಅಕ್ಷರವನ್ನು ಬಳಸುವುದೆಂದು ಯೋಚಿಸಬೇಕಾಗಿತ್ತು. ‘ಮಂಡಲ’ ಎಂಬ ಪದದ ‘ಡ’ಕ್ಕೆ ಅವರು ಆರಿಸಿಕೊಂಡದ್ದು ಇದೇ ಹಳೆಯ, ಗೆರೆ ಇರುವ ಥು ಅಕ್ಷರವನ್ನು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಹ್ಯೂಯೆನ್‌ತ್ಸಾಂಗ್ 646ರಲ್ಲಿ ಮುಗಿಸಿದ ತನ್ನ ಪ್ರವಾಸಗ್ರಂಥದಲ್ಲಿ ಕಂಚಿ ರಾಜಧಾನಿಯಾಗಿದ್ದ ದೇಶವನ್ನೂ ವರ್ಣಿಸಿದ್ದಾನೆ. ಆ ದೇಶದ ಹೆಸರನ್ನು ನಾಲ್ಕು ಅಕ್ಷರಗಳಲ್ಲಿ ಬರೆದಿದ್ದಾನೆ, ಇಂದಿನ ಚೀನೀಯರು ಅದನ್ನು ‘ತಾ-ಲುವೊ-ಪಿ-ಥು’ ಎಂದು ಓದುತ್ತಾರೆ. ಅದು ‘ದ್ರಾವಿಡ’. ಕೊನೆಯ ‘ಡ’ವನ್ನು ಸೂಚಿಸುವುದು ಇದೇ ಅಕ್ಷರ. ಇಂದಿನ ‘ಥು’ ಉಚ್ಚಾರದಿಂದ ‘ದ್ರಾವಿಡ’ವನ್ನು ಕೇಳಿಸಿಕೊಳ್ಳುವುದು ಕಷ್ಟ, ಹಳೆಯ ‘ಡಾ’ ಉಚ್ಚಾರವನ್ನು ಅಲ್ಲಿಟ್ಟರೆ ಹೆಸರು ಥಟ್ಟನೆ ಕಿವಿಗೆ ಬೀಳುತ್ತದೆ. ಚಹಾದ ಅಕ್ಷರದ ಪೂರ್ವಜ ದ್ರಾವಿಡ ದೇಶದ ಹೆಸರಿನಲ್ಲಿ ಕುಳಿತಿದೆ ಎಂಬುದು ನನಗೆ ಪ್ರತಿಬಾರಿಯೂ ರೋಮಾಂಚನ ತರುವ ಸಂಗತಿ.

ಒಸಾಕಾ ಕನ್ನಡತಿ

ನಾನು ಹಲವು ವರ್ಷಗಳಿಂದ ಜಪಾನಿನಲ್ಲಿದ್ದೇನೆ. ಮೇಲಿನ ಎರಡು ಉತ್ತರಗಳನ್ನು ಓದಿದ ಮೇಲೆ ಇಲ್ಲಿನ ಬಳಕೆಯ ಕೆಲವು ಸಂಗತಿಗಳನ್ನು ಹೇಳಬೇಕೆನಿಸಿತು. ಶವದಹನಕ್ಕೆ ಜಪಾನೀಯಲ್ಲಿ ಇಂದಿಗೂ ‘ದಾಬಿ’ ಎಂಬ ಗೌರವದ ಮಾತಿದೆ, ನಿಧನವಾರ್ತೆಗಳಲ್ಲಿ ಬರುತ್ತದೆ. ಅದು ಅಕ್ಕರದಾರಿ ಅವರು ಹೇಳಿದ ಅದೇ ಭಾರತೀಯ ಮಾತು. ಅದನ್ನೂ ‘ಮಂದಾರ’, ಅಂದರೆ ಮಂಡಲ ಎಂಬ ಪದವನ್ನೂ ಗೆರೆ ಇರುವ ಹಳೆಯ ಅಕ್ಷರದಿಂದಲೇ ಬರೆಯುವುದು ಶಿಷ್ಟ ರೂಢಿ. ಗೆರೆಯನ್ನು ಮರೆತು ಚಹಾದ ಅಕ್ಷರವನ್ನೇ ಬರೆದುಬಿಡುವವರೂ ಇದ್ದಾರೆ. ಸಾವಿರ ವರ್ಷ ಕಳೆದರೂ ಆ ಒಂದು ಗೆರೆಯ ಗೊಂದಲ ಮುಗಿದಿಲ್ಲ.

ಇಲ್ಲಿ ಈ ಅಕ್ಷರಕ್ಕೆ ‘ಚಾ’ ಮತ್ತು ‘ಸಾ’ ಎಂಬ ಎರಡು ಓದುಗಳಿವೆ. ಕುಡಿಯುವ ಚಹಾ ‘ಒಚಾ’, ಆದರೆ ಹಳೆಯ ಬಗೆಯ ಚಹಾ-ಕಾಫಿ ಅಂಗಡಿ ‘ಕಿಸ್ಸಾತೆನ್’. ಕಂದುಬಣ್ಣಕ್ಕೆ ‘ಚಾ-ಇರೊ’, ಅಂದರೆ ಚಹಾಬಣ್ಣ ಎನ್ನುತ್ತಾರೆ. ಹಸಿರು ಚಹಾ ಕುಡಿಯುವ ನಾಡಿನಲ್ಲಿ ಕಂದಿಗೆ ಈ ಹೆಸರು ಹೇಗೆಂದು ನಾನು ಮೊದಲು ಬೆರಗಾಗಿದ್ದೆ. ಚಹಾದ ಕಷಾಯದಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರೆಂದೂ, ಹಾಗೆ ಹಾಕಿದಾಗ ಬರುವ ಬಣ್ಣ ಕಂದೆಂದೂ ತಿಳಿದ ಮೇಲೆ ಸಮಾಧಾನವಾಯಿತು.

ಮೇಷ್ಟ್ರು ಕಥೆಗಳ ಮಾತು ಎತ್ತಿದ್ದಾರೆ. ಅವರಿಗಾಗಿ ಇನ್ನೊಂದು. ಅಕ್ಷರದ ಮೇಲಿನ ಹುಲ್ಲಿನ ಗುರುತನ್ನು ಒಡೆದು ನೋಡಿದರೆ ಹತ್ತು ಎಂಬ ಸಂಖ್ಯೆಯ ಎರಡು ಗುರುತುಗಳಂತೆ ಕಾಣುತ್ತದೆ, ಅಂದರೆ 20. ಕೆಳಗಿನ ಭಾಗವನ್ನು ಎಂಟು, ಹತ್ತು, ಎಂಟು ಎಂದು ಬಿಡಿಸಬಹುದು, ಅಂದರೆ 88. ಎರಡೂ ಕೂಡಿದರೆ 108. ಆದ್ದರಿಂದ ಇಲ್ಲಿ 108ನೆಯ ವಯಸ್ಸಿಗೆ ‘ಚಾಜು’, ಚಹಾದ ಆಯುಸ್ಸು ಎಂದು ಹೆಸರು. ಜಪಮಾಲೆಯ ಮಣಿಗಳ ಎಣಿಕೆಯೂ ಅಷ್ಟೇ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ನಿವೃತ್ತ ಮೇಷ್ಟ್ರು

ತಾಯಿ, ಬಹಳ ಸಂತೋಷವಾಯಿತು. ಅಕ್ಕರದಾರಿ ಅವರ ಮಾತನ್ನೂ ಒಪ್ಪುತ್ತೇನೆ. ಇನ್ನು ಮುಂದೆ ಮೊಮ್ಮಕ್ಕಳಿಗೆ ಹೇಳುವಾಗ ಮನುಷ್ಯನ ಕಥೆಯನ್ನೂ ಬಿದ್ದುಹೋದ ಗೆರೆಯ ಕಥೆಯನ್ನೂ ಒಟ್ಟಿಗೆ ಹೇಳುತ್ತೇನೆ. ಚೀನಾದಲ್ಲಿಯೂ ಈ 108ರ ಎಣಿಕೆ ಇದೆಯೇ?

ಅಕ್ಕರದಾರಿ

ಇದೆ, ಮೇಷ್ಟ್ರೇ. ಅಕ್ಕಿ ಎಂಬ ಅಕ್ಷರವನ್ನು ಇದೇ ರೀತಿ ಬಿಡಿಸಿದರೆ 88 ಬರುತ್ತದೆ. ತತ್ತ್ವಶಾಸ್ತ್ರದ ಚರಿತ್ರಕಾರರಾದ ಫಂಗ್ ಯೌಲಾನ್ ಅವರೂ ಅವರ ಸ್ನೇಹಿತರಾದ ಚಿನ್ ಯುಯೆಲಿನ್ ಅವರೂ 1895ರಲ್ಲಿ ಹುಟ್ಟಿದವರು. 1983ರಲ್ಲಿ ಇಬ್ಬರಿಗೂ 88 ತುಂಬಿದಾಗ ಫಂಗ್ ಅವರು ‘ಅಕ್ಕಿಗೆ ಏಕೆ ನಿಲ್ಲಬೇಕು, ಚಹಾದವರೆಗೂ ಹೋಗೋಣ’ ಎಂಬ ಅರ್ಥದ ಸಾಲನ್ನು ಬರೆದರು. ಮುದಿವಯಸ್ಸಿನ ಸ್ನೇಹವನ್ನು ಎರಡು ಅಕ್ಷರಗಳಲ್ಲಿ ಹಿಡಿದಿಟ್ಟ ಮಾತು ಅದು.

ಬಳಕೆಯ ವಿಷಯವನ್ನು ನಾನು ಮೊದಲೇ ಹೇಳಬೇಕಿತ್ತು. ಚೀನೀಯಲ್ಲಿ ಈ ಅಕ್ಷರ ಚಹಾ ಗಿಡ, ಎಲೆ, ಪೇಯ ಮೂರನ್ನೂ ಸೂಚಿಸುತ್ತದೆ. ಚಹಾ ಎಲೆಯೇ ಇಲ್ಲದ ಪೇಯಗಳಿಗೂ ಅದು ಹಬ್ಬಿದೆ. ಕ್ಯಾಂಟನ್ ಕಡೆಯವರ ‘ತಂಪು ಛಾ’ ನಮ್ಮ ಕಷಾಯದಂತೆ ಬೇರುಸೊಪ್ಪುಗಳನ್ನು ಕುದಿಸಿದ ಔಷಧಿ. ಮನೆಬಾಗಿಲು ತೆರೆದೊಡನೆ ಬೇಕಾಗುವ ಏಳು ವಸ್ತುಗಳೆಂದು ಸೌದೆ, ಅಕ್ಕಿ, ಎಣ್ಣೆ, ಉಪ್ಪು, ಸೋಯಾ ಗೊಜ್ಜು, ವಿನಿಗರ್ ಮತ್ತು ಛಾಗಳನ್ನು ಎಣಿಸುತ್ತಾರೆ. ‘ಒರಟು ಛಾ, ಸಪ್ಪೆ ಅನ್ನ’ ಎಂದರೆ ಸರಳ ಬದುಕು. ‘ಮನುಷ್ಯ ಹೋದ, ಛಾ ಆರಿತು’ ಎಂಬ ಗಾದೆಯನ್ನು ಅಧಿಕಾರದಿಂದ ಇಳಿದವನಿಗೆ ಹಿಂದಿನ ಆದರ ಸಿಗದಿದ್ದಾಗ ಹೇಳುತ್ತಾರೆ. ಹಿಂದೆ ವಧುವಿನ ಮನೆಗೆ ಕಳುಹಿಸುವ ನಿಶ್ಚಿತಾರ್ಥದ ಉಡುಗೊರೆಗೂ ‘ಛಾ’ ಎಂಬ ಹೆಸರಿತ್ತು. ಚಹಾ ಗಿಡವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲವೆಂಬ ನಂಬಿಕೆಯಿಂದ ಅದು ನಿಷ್ಠೆಯ ಗುರುತಾಗಿತ್ತು.

ತುಂಗಾತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಡಬ್ಬಿಯ ಮೇಲಿನ ಒಂದು ಅಕ್ಷರ ಕಂಚಿಯವರೆಗೆ ಕರೆದುಕೊಂಡು ಹೋದೀತೆಂದು ನಾನು ಎಣಿಸಿರಲಿಲ್ಲ. ಈಗ ಡಬ್ಬಿಯನ್ನು ಕೈಯಲ್ಲಿ ಹಿಡಿದು ಗೆರೆಗಳನ್ನು ಎಣಿಸುತ್ತಿದ್ದೇನೆ. ನನಗೆ ಹತ್ತು ಗೆರೆಗಳು ಸಿಗುತ್ತಿವೆ, ಆದರೆ ಅಂತರ್ಜಾಲದ ಕೋಶದಲ್ಲಿ ಒಂಬತ್ತು ಎಂದಿದೆ. ಹಾಗಾದರೆ ನನ್ನ ಡಬ್ಬಿಯ ಮೇಲಿರುವುದು ಗೆರೆ ಬೀಳದ ಹಳೆಯ ಥು ಅಕ್ಷರವೇ?

ಅಕ್ಕರದಾರಿ

ಮೇಲಿನ ಹುಲ್ಲಿನ ಗುರುತನ್ನು ಗಮನವಿಟ್ಟು ನೋಡಿ. ಅದರ ಅಡ್ಡಗೆರೆ ನಡುವೆ ತುಂಡಾಗಿ, ಎರಡು ಕೂಡು ಚಿಹ್ನೆಗಳು ಅಕ್ಕಪಕ್ಕ ನಿಂತ ಹಾಗೆ ಕಾಣುತ್ತಿದ್ದರೆ ಅದು ಹುಲ್ಲಿನ ಗುರುತನ್ನು ನಾಲ್ಕು ಗೆರೆಗಳಲ್ಲಿ ಬರೆಯುವ ಹಳೆಯ ಪದ್ಧತಿ. ಇಂದಿನ ಬರವಣಿಗೆಯಲ್ಲಿ ಅದನ್ನು ಒಂದೇ ಅಡ್ಡಗೆರೆಯಿಂದ, ಮೂರು ಗೆರೆಗಳಲ್ಲಿ ಮುಗಿಸುತ್ತಾರೆ. ನಿಮ್ಮ ಹತ್ತನೆಯ ಗೆರೆ ಅಲ್ಲಿಯದೇ ಇರಬೇಕು. ಥು ಆಗಿದ್ದರೆ ಹೆಚ್ಚಿನ ಗೆರೆ ಇರಬೇಕಾದ ಜಾಗ ಬೇರೆ: ಮಾಡಿನಂತಿರುವ ಎರಡು ಓರೆಗೆರೆಗಳ ಕೆಳಗೆ, ಒಂದರ ಕೆಳಗೊಂದು ಎರಡು ಅಡ್ಡಗೆರೆಗಳು ಕಾಣಬೇಕು. ಅಲ್ಲಿ ಒಂದೇ ಅಡ್ಡಗೆರೆ ಇದೆಯೇ?

ತುಂಗಾತೀರ

ಒಂದೇ ಇದೆ. ಹುಲ್ಲಿನ ಗುರುತು ನೀವು ಹೇಳಿದ ಹಾಗೆಯೇ ನಡುವೆ ತುಂಡಾಗಿದೆ.